ಇಟ್ಟಂಗಿಯ ಮೇಲಿನ ಹೆಬ್ಬಟ್ಟು

"ಏ ಬಾಯಿ, ಒಳಗರ ಬಾ, ಇಲ್ಲಾ ಹೊರಗರ ಹೋಗ. ಬಾಗಲದಾಗ ನಿಂತ್ರ ಎಸಿ ತಂಪೆಲ್ಲಾ ಬೀದಿಗಿ ಹೊಕ್ಕೈತಿ. ಲೈಟ್ ಬಿಲ್ ನಿಮ್ಮಪ್ಪ ತುಂಬತಾನೇನ?"

ಕಾವಲುಗಾರ ಸತ್ಯಪ್ಪ ಗದರಿದಾಗ ಅಕ್ಕವ್ವ ಒಳಗೇ ಬಂದಳು. ಅವಳ ಹಿಂದೆ ಗಾಜಿನ ಬಾಗಿಲು ತಾನಾಗಿಯೇ ಬಂದು ಮುಚ್ಚಿಕೊಂಡಿತು. ಬೆಳಗಾವಿಯ ಆ ಬ್ಯಾಂಕಿಗೆ ಅವಳು ಬಂದದ್ದು ಇದು ನಾಲ್ಕನೇ ಸಲ. ಖಾನಾಪುರದ ಶಾಖೆಯಲ್ಲಿ ಕೇಳಿದರೆ ಬೆಳಗಾವಿಗೆ ಹೋಗು ಎನ್ನುತ್ತಿದ್ದರು, ಬೆಳಗಾವಿಯಲ್ಲಿ ಕೇಳಿದರೆ ಕ್ರೆಡಿಟ್ ಕಾರ್ಡು ಎಲ್ಲಿ ಕೊಟ್ಟರೋ ಅಲ್ಲೇ ಕೇಳು ಎನ್ನುತ್ತಿದ್ದರು. ಎರಡೂ ಕಡೆಯವರ ಸಂಬಳ ಮಾತ್ರ ತಪ್ಪದೆ ಒಂದೇ ತಾರೀಖಿಗೆ ಬರುತ್ತಿತ್ತು. ಇವತ್ತು ಅವಳ ಎಡಗಂಕುಳಲ್ಲಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟೊಂದಿತ್ತು.

ಮ್ಯಾನೇಜರ್ ಓಂಕಾರ ಸಾಹೇಬರು ಅವಳ ಮುಖ ನೋಡಲಿಲ್ಲ, ಕಾಲು ನೋಡಿದರು. ಬಿಳಿ ಫರಸಿಯ ಮೇಲೆ ಕೆಂಪು ಮಣ್ಣಿನ ಹೆಜ್ಜೆಗಳು ಮೂಡಿದ್ದವು.

"ಮತ್ತ ಬಂದ್ಯಾ? ನಿನ್ನ ಕಂಪ್ಲೇಂಟ್ ಕ್ಲೋಜ್ ಆಗೇತಿ. ಸೋಮವಾರ ನಿನ್ನ ಠೇವಣಿ ಮುರದು ಕಾರ್ಡಿನ ಬಾಕಿಗೆ ಜಮಾ ಮಾಡ್ಕೊಂತೀವಿ. ಮುಗೀತು."

"ಬಾಕಿ ಇನ್ಸುರೆನ್ಸಿನವರು ತುಂಬತಾರ ಅಂದಿದ್ರಲ್ರಿ ಸಾಹೇಬ್ರ?"

"ಅದು ತಿಂಗಳಾ ಪಗಾರ ಇದ್ದವರಿಗೆ. ನಿನಗ್ಯಾರ ಕೊಡ್ತಾರ ಪಗಾರ? ಭಟ್ಟಿಯಾಗ ಮಣ್ಣ ಹೊರೂ ಕತ್ತಿ?"

ಆ ಠೇವಣಿ ಅವಳ ಗಂಡ ಬೀರಣ್ಣನ ಸಾವಿನ ದುಡ್ಡು. ಇಟ್ಟಂಗಿ ಭಟ್ಟಿಯ ಗೋಡೆ ಅವನ ಮೇಲೆ ಬಿದ್ದಿತ್ತು. ಎರಡು ವರ್ಷ ಕಚೇರಿಗಳಿಗೆ ಅಲೆದು ತಂದ ಪರಿಹಾರ ಅದು. ಅದು ಇರುವತನಕ ಅವಳು ಭಟ್ಟಿ ಮಾಲಕನ ಮುಂದೆ ಮುಂಗಡಕ್ಕೆ ಕೈಯೊಡ್ಡಬೇಕಿರಲಿಲ್ಲ. ಮುಂಗಡ ತಗೊಂಡವರ ಬಾಳು ಅವಳು ಕಂಡದ್ದೇ. ತವರಿನಲ್ಲಿ ಹೆಣ ಬಿದ್ದರೂ ಮಣ್ಣಿಗೆ ಹೋಗಲು ಮಾಲಕನ ಅಪ್ಪಣೆ ಬೇಕು. ಸೋಮವಾರ ದಾಟಿದರೆ ಅವಳೂ ಆ ಸಾಲಿಗೆ.

ಹೋದ ವರ್ಷ ಠೇವಣಿಯ ವಾಸನೆ ಹಿಡಿದು ಮಲಪ್ರಭೆ ದಂಡೆಯ ಭಟ್ಟಿಗೆ ಬಂದವನು ಚೇತನ, ಇದೇ ಬ್ಯಾಂಕಿನವನು. ಬಾಯಲ್ಲಿ ಬೆಲ್ಲ. 'ದೊಡ್ಡವ್ವ' ಎಂದ. ಅವಳ ಕೈಯ ಚಹಾ ಕುಡಿದ. ಕುಡಿದ ಲೋಟವನ್ನು ತಾನೇ ತೊಳೆದಿಟ್ಟ. ಅವಳ ಗುಡಿಸಲಲ್ಲಿ ಮೇಲಿನವರು ನೀರೂ ಮುಟ್ಟುತ್ತಿರಲಿಲ್ಲ. ಆ ಲೋಟಕ್ಕೇ ಅಕ್ಕವ್ವ ಸೋತಳು.

"ಠೇವಣಿ ಮ್ಯಾಲ ಕಾರ್ಡ್ ಫುಕಟ ಬರತೈತಿ ದೊಡ್ಡವ್ವ. ಜೋಡಿ ಇನ್ಸುರೆನ್ಸ್ ತಗೋಬೇಕು, ಇಲ್ಲಂದ್ರ ಕಾರ್ಡ್ ಸಿಗಂಗಿಲ್ಲ. ನಾಳಿ ಕೈಕಾಲು ಮುರದು ಕುಂತ್ರ ಕಂಪನಿಯವರೇ ಕಂತು ತುಂಬತಾರ."

"ನನಗ ಪಗಾರಿಲ್ಲಪಾ. ಇಟ್ಟಂಗಿ ಎಷ್ಟು ಬಡದ್ರ ಅಷ್ಟು ಕೂಲಿ."

"ನಡೀತೈತಿ ಬಿಡಬೇ, ನಾ ಅದೀನಲ್ಲ."

ಮಣ್ಣು ತುಳಿದು, ಕಲಸಿ, ಗೆರೆಗಳೆಲ್ಲ ಸವೆದ ಅವಳ ಹೆಬ್ಬೆರಳನ್ನು ಅವನ ಮಶೀನು ಮೂರು ಸಲ ಒಪ್ಪಲಿಲ್ಲ. ನಾಲ್ಕನೇ ಸಲ ಒಪ್ಪಿತು.

ಭಟ್ಟಿಯಲ್ಲೊಂದು ಕಾಯಿದೆಯಿದೆ. ಹಸಿ ಇಟ್ಟಂಗಿಯ ಮೂಲೆಗೆ ಅದನ್ನು ಬಡಿದವರು ಹೆಬ್ಬಟ್ಟು ಒತ್ತಬೇಕು. ಸುಟ್ಟ ಮೇಲೆ ಬಿರುಕು ಕಂಡರೆ ಮಾಲಕ ಗುರುತು ನೋಡಿ ಕೂಲಿ ಮುರಿಯುತ್ತಾನೆ. ಬಟ್ಟು ಯಾರದೋ ಹೊಣೆ ಅವರದು. ಅಕ್ಕವ್ವನಿಗೆ ಗೊತ್ತಿದ್ದ ಕಾಯಿದೆ ಅದೊಂದೇ. ಹಸಿ ಇಟ್ಟಂಗಿಯೊಂದನ್ನು ಚೇತನನ ಮುಂದಿಟ್ಟು, "ನಾ ಒತ್ತೀನಿ, ನೀನೂ ಒತ್ತಪಾ" ಎಂದಿದ್ದಳು. ಅವನು ನಕ್ಕು ಬಲಗೈಯ ಹೆಬ್ಬಟ್ಟು ಒತ್ತಿದ. ಕಡ್ಡಿಯಿಂದ ಹೆಸರನ್ನೂ ಗೀಚಿದ. ಅದನ್ನವಳು ಭಟ್ಟಿಗಿಟ್ಟು ಸುಟ್ಟು, ಬೀರಣ್ಣನ ಫೋಟೊದ ಕೆಳಗೆ ಇಟ್ಟುಕೊಂಡಿದ್ದಳು. ಮುಂದಿನ ಹಂಗಾಮಿನಲ್ಲೇ ಇಟ್ಟಂಗಿಯ ಒಟ್ಟಿನಿಂದ ಬಿದ್ದು ಅವಳ ಬಲಗೈ ಮುರಿಯಿತು. ದವಾಖಾನೆಯ ಬಿಲ್ಲು ಕಾರ್ಡಿನ ಮೇಲೆ ಕುಳಿತಿತು.

ಈಗ ಗಂಟು ಬಿಚ್ಚಿ ಆ ಇಟ್ಟಂಗಿಯನ್ನು ಸಾಹೇಬರ ಗಾಜಿನ ಮೇಜಿನ ಮೇಲಿಟ್ಟಳು.

"ಏನಿದು?"

"ಕಾಗದರಿ. ಓದಕೋರಿ. ನಿಮ್ಮ ಚೇತನನ ಹೆಸರೈತಿ, ಬಟ್ಟೈತಿ."

ಸಾಹೇಬರು ಹೊಟ್ಟೆ ಕುಲುಕಿಸಿ ನಕ್ಕರು. "ಏ ಚೇತನ, ಬಾ ಇಲ್ಲಿ. ಇಕಿ ನಿನಗ ಇಟ್ಟಂಗಿ ತಂದಾಳ. ಮನಿ ಕಟ್ಟಸ್ತೀ ಏನ?"

ಟೈ ಕಟ್ಟಿದ ಚೇತನ ಬಂದು ನಿಂತ. "ಯಾರೋ ಏನೋ ಸರ್. ದಿನಾ ನೂರ ಮಂದಿ ಬರ್ತಾರ."

"ನನ್ನ ಲೋಟ ತೊಳದಿಟ್ಟಿದ್ಯಲ್ಲೋ ಮಂಗ್ಯಾನ ಮಗನ! ಈಗ ಯಾರೋ ಏನೋ?"

"ಬಾಯಿ ಬಿಗಿ ಹಿಡಿ!" ಸಾಹೇಬರು ಕಂಪ್ಯೂಟರಿನ ಮೋರೆ ಅವಳತ್ತ ತಿರುಗಿಸಿದರು. "ನೋಡಿಲ್ಲಿ. ಖಾಸಗಿ ನೌಕರಿ, ತಿಂಗಳಾ ಪಗಾರ ಅಂತ ಬರದೈತಿ. ಸುಳ್ಳು ಬರಸಿದಾಕಿ ನೀನು. ಕೇಸ್ ಹಾಕಿದ್ರ ಒಳಗ ಹೊಕ್ಕಿ."

"ನನಗ ಓದಾಕ ಬರಂಗಿಲ್ರಿ. ಬರದಾಂವ ಅಂವ."

"ಬರದವರ್ಯಾರು ಅನ್ನೂದಲ್ಲ. ಬಟ್ಟ ಯಾರದು ಅನ್ನೂದು."

ಅಕ್ಕವ್ವ ಅವರನ್ನೇ ದಿಟ್ಟಿಸಿದಳು. ಭಟ್ಟಿಯ ಕಾಯಿದೆ ಇವರಿಗೂ ಗೊತ್ತಿತ್ತು.

"ಹಂಗಾರ ಇದ್ಯಾರ ಬಟ್ಟರಿ?" ಇಟ್ಟಂಗಿಯನ್ನು ಚೇತನನ ಕಡೆ ನೂಕಿದಳು. "ಇಡೋ. ಈ ಕುಣ್ಯಾಗ ನಿನ್ನ ಬಟ್ಟ ಇಡ. ಕೂಡಲಿಲ್ಲಂದ್ರ ಇಲ್ಲೇ ಮೂಗ ತಿಕ್ಕಿ ಹೋಗ್ತೀನಿ."

ಪಾಳಿಯಲ್ಲಿ ನಿಂತವರು ಕತ್ತು ಚಾಚಿದರು. "ಇಡೋ ತಮ್ಮಾ, ಏನ್ ಹೊಕ್ಕೈತಿ" ಎಂದ ಪಾಸ್‌ಬುಕ್ ಹಿಡಿದಿದ್ದ ಮುದುಕನೊಬ್ಬ. ಚೇತನ ಬಲಗೈಯನ್ನು ಪ್ಯಾಂಟಿನ ಕಿಸೆಯೊಳಗೆ ಇಳಿಸಿದ.

"ಸತ್ಯಪ್ಪಾ! ಹೊರಗ ಹಾಕ ಇಕಿನ್ನ. ಕುಂದರಿಸಿ ಮಾತಾಡ್ಸಿದ್ರ ತಲಿ ಮ್ಯಾಲ ಏರತಾವ."

ನಾಲ್ಕು ಸಲದಲ್ಲಿ ಒಮ್ಮೆಯೂ ಯಾರೂ ಅವಳಿಗೆ ಕೂಡು ಎಂದಿರಲಿಲ್ಲ.

"ಮುಟ್ಟಬ್ಯಾಡ. ನಾನೇ ಹೊಕ್ಕೀನಿ." ಇಟ್ಟಂಗಿಯನ್ನು ಎಡಗೈಲಿ ಎತ್ತಿಕೊಂಡು, ಬಾಗಿಲನ್ನು ಬೆನ್ನಿಂದ ತಳ್ಳಿ, ಬಗ್ಗಿ ಅದನ್ನು ಹೊಸ್ತಿಲ ಮೇಲಿಟ್ಟಳು. ಗುರುತು ಮೇಲಾಗಿ. ದಾಟಿ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಹಿಂದೆ ಬಂದ ಬಾಗಿಲು ಇಟ್ಟಂಗಿಗೆ ಒರಗಿ ನಿಂತುಬಿಟ್ಟಿತು. ಬ್ಯಾಂಕಿನ ತಂಪೆಲ್ಲ ಬೀದಿಗೆ ಹರಿಯತೊಡಗಿತು.

"ಸೋಮವಾರದ ತನಕಾ ಇಲ್ಲೇ ಕುಂದ್ರತೀನಿ" ಎಂದು ಎಲೆಅಡಿಕೆಯ ಚೀಲ ಬಿಚ್ಚಿದಳು.

"ಎತ್ತೋ ಅದನ್ನ, ಸತ್ಯಪ್ಪಾ!"

ಸತ್ಯಪ್ಪ ಇಟ್ಟಂಗಿ ನೋಡಿದ, ಸಾಹೇಬರನ್ನು ನೋಡಿದ. "ಬಟ್ಟ ಯಾರದೈತಿ ಅವರೇ ಎತ್ತಲಿ ಬಿಡ್ರಿ."

"ಚೇತನ! ಏನ್ ನೋಡ್ತೀ? ಎತ್ತ!"

ಚೇತನ ಬಂದು ಬಗ್ಗಿದ. ಎಡಗೈಯಿಂದ ಎಳೆದ. ಬಾಗಿಲು ಬಿಗಿಯಾಗಿ ಒತ್ತಿತ್ತು, ಇಟ್ಟಂಗಿ ಅಲುಗಲಿಲ್ಲ. ಬಾಗಿಲು ಹಿಡಿಯಲು ಒಂದು ಕೈ ಬೇಕು, ಇಟ್ಟಂಗಿ ಎತ್ತಲು ಇನ್ನೊಂದು. ಪಾಳಿಯ ಜನ ಸುತ್ತ ಬಂದು ನಿಂತರು.

"ಇನ್ನೊಂದ ಕೈ ಎಲ್ಲೈತೋ ಭಾಡ್ಯಾ?" ಎಂದಳು ಅಕ್ಕವ್ವ, ಎಲೆಗೆ ಸುಣ್ಣ ಹಚ್ಚುತ್ತ. "ತಗಿ ಹೊರಗ."

ಚೇತನ ಬಗ್ಗಿದವನು ಬಗ್ಗಿಯೇ ಇದ್ದ. ಬಲಗೈ ಕಿಸೆಯಲ್ಲೇ ಇತ್ತು.