ಮಣ್ಣು ಬೇಡಿದ ಬಾಯಿ

ಬೆಳಿಗ್ಗೆ ಆರೂವರೆಗೆ ನನ್ನನ್ನು ಒಂದು ಹೆಣ್ಣುಕರುವಿನ ಮೂತಿಗೆ ಕಟ್ಟಿದರು. ಕರು ಹುಟ್ಟಿ ಆಗ ಮೂರು ವಾರ.

ನಾನು ಒಂದು ಬಾಯಿಕುಕ್ಕೆ. ಕುಣಿಗಲ್ ಕಡೆಯ ಹಳ್ಳಿಯೊಂದರಲ್ಲಿ ಜವರಯ್ಯ ಎಂಬ ಮುದುಕರು ತೆಂಗಿನ ನಾರು ಹೊಸೆದು ನನ್ನನ್ನು ಹೆಣೆದರು. ಹೆಣೆಸಿದವರು ಪಕ್ಕದ ಮನೆಯ ಚಿಕ್ಕತಾಯಮ್ಮ. ಉಸಿರು ಆಡಬೇಕು, ಮಣ್ಣು ಬಾಯಿಗೆ ಹೋಗಬಾರದು. ನನ್ನ ಕೆಲಸ ಅಷ್ಟೇ. ಆ ಕರು ಕೊಟ್ಟಿಗೆಯ ಗೋಡೆ ನೆಕ್ಕುತ್ತಿತ್ತು, ನೆಲದ ಮಣ್ಣು ತಿನ್ನುತ್ತಿತ್ತು.

"ಈ ಬುದ್ಧಿ ಇದುಕ್ಕೆ ಎಲ್ಲಿಂದ ಬಂತೋ" ಎಂದರು ಚಿಕ್ಕತಾಯಮ್ಮ, ನನ್ನ ದಾರ ಬಿಗಿಯುತ್ತ.

"ನಿಮ್ ಮಗನೂ ಚಿಕ್ಕೋರಿದ್ದಾಗ ಗೋಡೆ ಸುಣ್ಣ ಕೆರ್ಕೊಂಡು ತಿಂತಿದ್ರಂತಲ್ಲತ್ತೆ. ಅವ್ರಿಗೂ ಕುಕ್ಕೆ ಹಾಕಿದ್ರಾ?" ಸೊಸೆ ಸುಧಾಮಣಿ ಕೇಳಿದಳು.

"ಹಾಕ್ಬೇಕಿತ್ತು ಕಣೆ. ನಿನ್ನ ನೋಡಕ್ಕೆ ಬಂದಾಗ ಹೂಂ ಅನ್ನಕ್ಕಾಗ್ತಿರ್ಲಿಲ್ಲ."

ಇಬ್ಬರೂ ನಕ್ಕರು. ಆದರೂ ಚಿಕ್ಕತಾಯಮ್ಮನ ಕೈ ಕರುವಿನ ಬೆನ್ನಿನ ಮೇಲೇ ಇತ್ತು. ತಾಯಿಹಸು ಗೌರಿಗೆ ವಯಸ್ಸಾಗಿತ್ತು; ಇದೇ ಕೊನೆಯ ಸೂಲು. ಹಿಂದೆ ಹಾಕಿದ್ದೆಲ್ಲ ಹೋರಿಗರು. ಗೌರಿಯ ತಳಿ ಆ ಮನೆಯಲ್ಲಿ ಉಳಿಯುವುದಾದರೆ ಈ ಕರುವಿನಿಂದಲೇ.

ನಾನು ಮಣ್ಣನ್ನು ತಡೆದೆ. ಮಣ್ಣಿನ ಆಸೆಯನ್ನು ತಡೆಯುವುದು ನಾರಿನ ಕೈಲಿರಲಿಲ್ಲ. ಕರು ಒಳಗಿಂದ ನಾಲಿಗೆ ಚಾಚಿ ನನ್ನ ಹುರಿಗಳನ್ನೇ ಚೀಪುತ್ತಿತ್ತು. ಬರಬರುತ್ತ ಬಾಗಿಲ ತನಕ ನಡೆದರೂ ಅದಕ್ಕೆ ಏದುಸಿರು ಬರತೊಡಗಿತು. ಒಂದು ಬೆಳಿಗ್ಗೆ ಹಾಲು ಕುಡಿಸಲೆಂದು ನನ್ನನ್ನು ಬಿಚ್ಚಿದರೆ, ಕರು ಏಳಲೇ ಇಲ್ಲ.

ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದು ಅದರ ಕೆಳರೆಪ್ಪೆ ಎಳೆದು ನೋಡಿದರು. ಕೆಂಪಗಿರಬೇಕಾದ ಜಾಗ ಬಿಳಿಚಿಕೊಂಡಿತ್ತು.

"ರಕ್ತ ಕಮ್ಮಿಯಾಗಿದೆ. ಹಸು ಗಬ್ಬ ಇದ್ದಾಗ ಖನಿಜದ ಪುಡಿ ಕೊಡ್ತಿದ್ರಾ?"

"ಹಾಲು ಕರೆಯೋ ತನಕ ಕೊಟ್ವಿ. ಬತ್ತಿದ್ಮೇಲೆ ಯಾಕೆ ಅಂತ ನಿಲ್ಲಿಸ್ಬುಟ್ಟೆ ಕಣವ್ವ."

"ಆಗ್ಲೇ ಕೊಡ್ಬೇಕಿತ್ತಮ್ಮ. ಹೊಟ್ಟೆಯೊಳಗಿನ ಕರು ಕಬ್ಬಿಣ, ತಾಮ್ರ ಎಲ್ಲಾ ತಾಯಿಯಿಂದ್ಲೇ ಕೂಡಿಟ್ಕೊಳ್ಳೋದು. ಹಾಲಲ್ಲಿ ಕಬ್ಬಿಣ ತೀರಾ ಕಮ್ಮಿ. ಪಾಪ, ಇದು ಮಣ್ಣಲ್ಲಿ ಹುಡುಕ್ತಿತ್ತು. ಮಣ್ಣಲ್ಲಿ ಸಿಗೋದು ಬರೀ ಹುಳ."

ಚಿಕ್ಕತಾಯಮ್ಮ ಕರುವಿನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಕೂತರು.

ಡಾಕ್ಟರಮ್ಮ ಕಬ್ಬಿಣದ ಇಂಜೆಕ್ಷನ್ ಕೊಟ್ಟರು, ಹುಳದ ಔಷಧಿ ಕುಡಿಸಿದರು. ಮುಂದಿನ ವಾರಗಳಲ್ಲಿ ಮತ್ತೆ ಮತ್ತೆ ಬಂದರು. ಕರು ಮೊದಲು ನಿಂತಿತು, ಆಮೇಲೆ ನಡೆಯಿತು. ಗೋಡೆಯ ಪಕ್ಕದಲ್ಲೇ ಹಾದುಹೋಗಿಯೂ ಅದನ್ನು ನೆಕ್ಕದ ದಿನ, ಸುಧಾಮಣಿ ನನ್ನನ್ನು ಕೊಟ್ಟಿಗೆಯ ಮೊಳೆಗೆ ನೇತುಹಾಕಿದಳು.

ಗೌರಿ ಆ ವರ್ಷವೇ ತೀರಿಕೊಂಡಿತು. ನಾನು ಮಳೆಗಾಲಕ್ಕೆ ಬೂಷ್ಟು ಹಿಡಿದು, ಬೇಸಿಗೆಗೆ ಒಣಗಿ ಸಡಿಲವಾಗಿದ್ದೇನೆ. ಹಾಲಿನ ವಾಸನೆಯ ಆ ಬಿಸಿಯುಸಿರು ಇನ್ನೊಮ್ಮೆ ನನ್ನೊಳಗೆ ಆಡಲಿ ಅನ್ನಿಸುತ್ತದೆ. ಆಡಿದರೆ ಮತ್ತೊಂದು ಕರುವಿಗೆ ಮಣ್ಣು ಬೇಕಾಗಿದೆ ಎಂದೇ ಅರ್ಥ. ಅದೂ ಗೊತ್ತು.

ಅಂದಿನ ಕರು ಈಗ ಗಬ್ಬದ ಕಡಸು. ನನ್ನ ಕೆಳಗೇ ಹಾದುಹೋಗುತ್ತದೆ, ತಲೆಯೆತ್ತುವುದಿಲ್ಲ. ಇವತ್ತು ಬೆಳಿಗ್ಗೆ ಚಿಕ್ಕತಾಯಮ್ಮ ಅದರ ಬೂಸಾಕ್ಕೆ ಒಂದು ಹಿಡಿ ಖನಿಜದ ಪುಡಿ ಬೆರೆಸಿದರು.