ಎದುರು ಮನೆಯ ನಂಬರು

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರಿಗೆ ಫೋನ್ ಮಾಡ್ಬೇಕಮ್ಮಾ?" ಎದೆಗೆ ಐದನೆಯ ಅಂಟುಪಟ್ಟಿ ಒತ್ತುತ್ತ ನರ್ಸ್ ಕೇಳಿದಳು.

ಹೊಲಿಗೆಯಾಕೆ ತಂಗಿಯ ನಂಬರು ಹೇಳಿದಳು. ತಂಗಿ ಇದ್ದದ್ದು ರೈಲಿನಲ್ಲಿ ಇಡೀ ಒಂದು ದಿನದ ದೂರದಲ್ಲಿ.

"ಅವರು ಬರೋ ಹೊತ್ತಿಗೆ ನಾವೆಲ್ಲೋ ನೀವೆಲ್ಲೋ! ಹತ್ತು ನಿಮಿಷದಲ್ಲಿ ಬರೋರು ಬೇಕು. ಅಕ್ಕಪಕ್ಕದೋರು ಯಾರೂ ಇಲ್ವಾ?"

ಅವಳಿಗೆ ಬಾಯಿಪಾಠವಾಗಿದ್ದ ನಂಬರು ಇನ್ನೊಂದೇ. ಅದು ಬಾಯಿಂದ ಜಾರಿಯೇಬಿಟ್ಟಿತು. ನರ್ಸ್ ಬರೆದುಕೊಂಡಳು.

ಸೊಂಟಕ್ಕೆ ಕಟ್ಟಿದ ಪುಟ್ಟ ಯಂತ್ರ ಒಂದು ದಿನ ಪೂರ್ತಿ ಎದೆಬಡಿತವನ್ನು ದಾಖಲಿಸುತ್ತದಂತೆ. ಜೊತೆಗೊಂದು ಹಾಳೆ ಕೊಟ್ಟರು. ಎದೆ ಜೋರಾಗಿ ಹೊಡೆದುಕೊಂಡಾಗೆಲ್ಲ ಹೊತ್ತು ಎಷ್ಟು, ಏನು ಮಾಡುತ್ತಿದ್ದೆ ಎಂದು ಬರೆಯಬೇಕು. ಮನೆಗೆ ಬಂದವಳು ಹೊಲಿಗೆ ಮಿಷನ್ನಿನ ಮುಂದೆ ಕೂತು, ಯಾರದೋ ಪ್ಯಾಂಟಿನ ಕೆಟ್ಟ ಜಿಪ್ಪು ಬಿಚ್ಚುತ್ತ ಬರೆದಳು: 'ಹತ್ತೂ ಇಪ್ಪತ್ತು. ಎದುರು ಮನೆ ಬಾಗಿಲು ತೆಗೆದ ಸದ್ದು.' 'ಹನ್ನೊಂದೂವರೆ. ಎದುರು ಮನೆಯವರು ಮೆಟ್ಟಿಲಿಳಿದರು.' 'ಹನ್ನೆರಡಕ್ಕೆ ಐದು. ವಾಪಸು ಬಂದರು.' ಓದಿ ನೋಡಿದಾಗ ನಾಚಿಕೆಯಾಯಿತು. ಡಾಕ್ಟರು ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡಾರು.

ಎರಡನೆಯ ಮಹಡಿಯಲ್ಲಿ ಎರಡೇ ಮನೆ, ನಡುವೆ ನಾಲ್ಕು ಹೆಜ್ಜೆಯ ಜಾಗ. ಎದುರಿನವಳು ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿದ್ದು ನಿವೃತ್ತಳಾದವಳು, ಕಟ್ಟಡಕ್ಕೆಲ್ಲ ಪೋಸ್ಟಮ್ಮ. ಹನ್ನೊಂದು ವರ್ಷ ಹಗಲು ಹೊತ್ತು ಆ ಎರಡು ಬಾಗಿಲು ಮುಚ್ಚಿದ್ದೇ ಇಲ್ಲ. ಒಬ್ಬಳ ಮನೆಯ ಒಗ್ಗರಣೆಗೆ ಇನ್ನೊಬ್ಬಳು ಸೀನುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೊಲಿಗೆಯಾಕೆ ಸಾಬೂನು ನೀರು ಹಾಕಿ ಮೆಟ್ಟಿಲು ತಿಕ್ಕಿದಳು. ಫೋನು ಹೊಡೆದುಕೊಂಡಿತೆಂದು ಒಳಗೆ ಹೋದಳು. ಪೋಸ್ಟಮ್ಮನ ಗಂಡ ಪೇಪರು ತರಲು ಹೊರಟವರು ಜಾರಿ ಏಳು ಮೆಟ್ಟಿಲು ಉರುಳಿದರು. ಸೊಂಟದ ಮೂಳೆ ಮುರಿದು, ಇವತ್ತಿಗೂ ಗೋಡೆ ಹಿಡಿದೇ ನಡೆಯುತ್ತಾರೆ.

"ನೀರು ಒರೆಸಿರ್ಲಿಲ್ವೇನೇ?" ಎಂದು ಪೋಸ್ಟಮ್ಮ ಎಲ್ಲರೆದುರು ಕೇಳಿದ್ದಳು.

"ಒರೆಸಿದ್ದೆ," ಅಂದಿದ್ದಳು ಹೊಲಿಗೆಯಾಕೆ. ಭಯಕ್ಕೆ ಹುಟ್ಟಿದ ಮಾತು. ಆಡಿದ ಮೇಲೆ ನುಂಗಲಾಗಲಿಲ್ಲ. ಮೇಲಿನವರು, ಕೆಳಗಿನವರು ಒಬ್ಬೊಬ್ಬರಾಗಿ ಬಟ್ಟೆ ಕೊಡುವುದನ್ನು ಬಿಟ್ಟರು. ಅಂದಿನಿಂದ ಬಾಗಿಲಿಗೆ ಕಿವಿ ಹಚ್ಚಿ, ಹೊರಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಅವಳು ಮೆಟ್ಟಿಲಿಳಿಯುವುದು.

ಮೂರು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಆ ಬಡಿತ ಯಾರದೆಂದು ಅವಳಿಗೆ ಗೊತ್ತಿತ್ತು. ಮಿಷನ್ ತುಳಿಯುತ್ತಿದ್ದ ಕಾಲು ನಿಂತಿತು. ಮನೆಯಲ್ಲಿಲ್ಲ ಅನ್ನುವ ಹಾಗೆ ಉಸಿರು ಬಿಗಿಹಿಡಿದಳು.

"ಒಳಗಿದೀರಾ ಅಂತ ಗೊತ್ತು. ಮಿಷನ್ ಸದ್ದು ಈಗ ನಿಂತಿದ್ದು."

ಅವಳು ಎದ್ದು ಚಿಲಕ ತೆಗೆದಳು. ಪೋಸ್ಟಮ್ಮ ಹೊಸ್ತಿಲಾಚೆಯೇ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಆಸ್ಪತ್ರೆಯಿಂದ ಫೋನ್ ಬಂತು. ನಂಬರ್ ಸರಿ ಇದ್ಯಾ ಅಂತ ನೋಡಕ್ಕೆ. ಕರೆದ್ರೆ ಬರ್ತೀರಾ ಅಂತ ಕೇಳಿದ್ರು. ನನ್ನ ಕೇಳ್ದೆ ನನ್ನ ನಂಬರ್ ಯಾಕೆ ಕೊಟ್ರಿ?"

"ತಪ್ಪಾಯ್ತು. ಈಗ್ಲೇ ಹೇಳಿ ತೆಗೆಸ್ತೀನಿ."

"ಎರಡು ವರ್ಷ ಮುಖ ನೋಡಿಲ್ಲ, ಸಾಯೋಕೆ ಮಾತ್ರ ನಾನು ಬೇಕಾ?"

ಉತ್ತರ ಹೇಳಬೇಕೆಂದು ಅವಳು ಬಾಯಿ ತೆರೆದಳು. ಎದೆಯ ನಡುವೆ ಯಾರೋ ಮೊಣಕಾಲೂರಿ ಕೂತಂತಾಯಿತು. ನೋವು ಎಡಗೈಗೆ ಇಳಿಯಿತು, ದವಡೆಗೆ ಏರಿತು. ಮೈಯೆಲ್ಲ ತಣ್ಣನೆ ಬೆವರು. ಬಾಗಿಲ ಪಟ್ಟಿ ಹಿಡಿದವಳು ಹಾಗೆಯೇ ಜಾರಿ ಕುಳಿತಳು. ಸತ್ತೇ ಹೋಗುತ್ತೇನೆ, ಇವಳ ಕಣ್ಣೆದುರೇ, ಆ ಸುಳ್ಳಿನ ಸಮೇತ ಹೋಗುತ್ತೇನೆ ಎನಿಸಿ ಜೀವ ಬಾಯಿಗೆ ಬಂತು.

"ಅಕ್ಕಾ... ಒರೆಸಿರ್ಲಿಲ್ಲ... ಅವತ್ತು..."

"ಗೊತ್ತು ಕಣೇ. ಆಮೇಲೆ ಬಟ್ಟೆ ತಂದು ಒರೆಸಿದ್ದೇ ನಾನು." ಪೋಸ್ಟಮ್ಮ ಮಂಡಿಯೂರಿ ಅವಳ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಿದ್ದಳು. "ಮಾತಾಡ್ಬೇಡ. ಉಸಿರು ಬಿಡು. ಕಣ್ಣು ಮುಚ್ಚಿದ್ರೆ ನೋಡು, ಹಲ್ಲು ಉದುರಿಸ್ತೀನಿ."

ಆಮೇಲೆ ಪೋಸ್ಟಮ್ಮ ಕಟ್ಟಡವೇ ಅದುರುವಂತೆ ಕೂಗಿದಳು. ಮೇಲೂ ಕೆಳಗೂ ಬಾಗಿಲುಗಳು ತೆರೆದವು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು. ಪೋಸ್ಟಮ್ಮನ ಗಂಡ ಗೋಡೆ ಹಿಡಿದು ಬಂದು, ತಾವು ಕೂರುತ್ತಿದ್ದ ಕೈಗಳಿರುವ ಕುರ್ಚಿಯನ್ನು ಮುಂದೆ ತಳ್ಳಿದರು. ಅದರಲ್ಲಿ ಅವಳನ್ನು ಕೂರಿಸಿ ನಾಲ್ವರು ಇಳಿಸತೊಡಗಿದರು. ಒಂದೊಂದು ಮೆಟ್ಟಿಲಿಗೂ ಕುರ್ಚಿ ವಾಲುತ್ತಿತ್ತು. "ಮೆಲ್ಲಗೆ, ಮೆಲ್ಲಗೆ. ಈ ಮೆಟ್ಟಿಲಲ್ಲಿ ಬಿದ್ದೋನು ನಾನೊಬ್ಬ ಸಾಕು," ಎಂದು ಮೇಲಿನಿಂದ ಮುದುಕರ ದನಿ ಕೇಳಿತು.

ಆಸ್ಪತ್ರೆಯಲ್ಲಿ ಅವಳ ಬಟ್ಟೆ ಕತ್ತರಿಸಿ ತೆಗೆದರು. ಚಾವಣಿಯ ದೀಪಗಳು ಒಂದರ ಹಿಂದೊಂದು ಓಡಿದವು. ಮುಚ್ಚಿಕೊಂಡಿದ್ದ ರಕ್ತನಾಳವನ್ನು ಮಣಿಕಟ್ಟಿನ ಮೂಲಕ ತಂತಿ ತೂರಿಸಿ ತೆರೆದರು. ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದು ಅವಳಿಗಲ್ಲ, ಬಾಗಿಲಾಚೆ ನಿಂತಿದ್ದವಳಿಗೆ.

ಎಚ್ಚರವಾದಾಗ ಕಿಟಕಿಯಲ್ಲಿ ಬೆಳಗಿನ ಬಿಸಿಲಿತ್ತು. ತಲೆಯ ಬಳಿ ಯಂತ್ರ ಸದ್ದು ಮಾಡುತ್ತಿತ್ತು. ಒಂದು ಸದ್ದು ಮುಗಿದು ಮುಂದಿನದು ಬರುವವರೆಗೆ ಅವಳು ಉಸಿರು ಹಿಡಿದು ಕಾಯುತ್ತಿದ್ದಳು. ಬಂತು. ಮತ್ತೆ ಬಂತು. ಹಾಗೆ ಎಣಿಸುತ್ತ ಮೆಲ್ಲನೆ ಕತ್ತು ಹೊರಳಿಸಿದಳು.

ಗಾಜಿನಾಚೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೋಸ್ಟಮ್ಮ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕಾಲು ಮುಂದಕ್ಕೆ ಚಾಚಿದ್ದಳು. ಒಂದು ಕಾಲಲ್ಲಿ ಅವಳ ಕಂದು ಚಪ್ಪಲಿ. ಇನ್ನೊಂದರಲ್ಲಿ, ಹಿಮ್ಮಡಿ ಅರ್ಧ ಹೊರಗುಳಿದು, ಹೊಲಿಗೆಯಾಕೆಯ ನೀಲಿ ಚಪ್ಪಲಿ.