ಹದಿಮೂರು ವರ್ಷದ ಲೇಸರ್ ಕಣ್ಣು

ನನ್ನ ಗಂಡ ರತ್ನಾಕರ ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಆದರೂ ಆ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ತಿಂಗಳು ನನ್ನೆದುರು ನಾಟಕ ಆಡಿದರು. ಬಲೆ ರಿಪೇರಿಗೆ ಕೂತವರು ಸೂಜಿಯನ್ನು ಕೈನೀಳಕ್ಕೆ ಹಿಡಿದು, ಗಂಟು ತಪ್ಪಿಸಿ, ಬೆಳಕು ಸಾಲದೆಂದು ಅಂಗಳಕ್ಕೆ ಹೋಗುತ್ತಿದ್ದರು. ಅದೂ ಮಟಮಟ ಮಧ್ಯಾಹ್ನ!

ಮದುವೆಯಾದಾಗ ಅವರಿಗೆ ಮೈನಸ್ ಹತ್ತರ ಕನ್ನಡಕ. ನಮ್ಮೂರು ತ್ರಾಸಿಯಲ್ಲೆಲ್ಲ ಅವರ ಹೆಸರು ಸೋಡಾಬುಡ್ಡಿ. ಆದರೆ ಕನ್ನಡಕ ತೆಗೆದು ಬಲೆಯನ್ನು ಮೂಗಿಗೆ ತಾಗಿಸಿಕೊಂಡರೆ ಅವರಷ್ಟು ಚೊಕ್ಕವಾಗಿ ಗಂಟು ಹಾಕುವವರಿರಲಿಲ್ಲ. 1999ರಲ್ಲಿ ಮುಂಬೈಗೆ ಭಾವನ ಮನೆಗೆ ಹೋಗಿ, ಕಣ್ಣಿಗೆ ಲೇಸರ್ ಮಾಡಿಸಿಕೊಂಡು, ಕನ್ನಡಕ ಬಿಟ್ಟು ಬಂದರು. ಆಮೇಲೆ ನೋಡಿ ಗತ್ತು! ಕೈರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದಡದ ಮರಳು ದಿಬ್ಬದ ಮೇಲೆ ಒಬ್ಬರು ನಿಂತು, ನೀರಿನ ಬಣ್ಣದಲ್ಲೇ ಮೀನಿನ ಹಿಂಡು ಗುರುತಿಸಿ ಹೆಗಲ ಮೇಲಿನ ಬೈರಾಸು ಬೀಸುವವರೆಗೆ ದೋಣಿ ಇಳಿಯುವುದಿಲ್ಲ. ಆ ಜಾಗ ಸೋಡಾಬುಡ್ಡಿಗೇ ಸಿಕ್ಕಿತು. ನನಗೆ ಜಂಬವೋ ಜಂಬ, ಮುಚ್ಚಿಡುವುದೇಕೆ?

ಒಂದು ದಿನ ತಂಡದ ಹಿರಿಯ ಮಂಜಣ್ಣ ಮನೆಗೇ ಬಂದರು.

"ಪದ್ದಕ್ಕ, 'ನಾಳಿಂದ ದಿಬ್ಬಕ್ಕೆ ಬೇರೆಯವ್ರ್ನ ನಿಲ್ಸಿ' ಅಂದ್ರಲೆ ನಿಮ್ಮವ್ರ್. ಎಂತ ಆಯ್ತ್?"

ನನಗೆ ಪಿತ್ತ ನೆತ್ತಿಗೇರಿತು. ಮಂಜಣ್ಣ ಹೋದದ್ದೇ ತಡ, ಇವರ ಹತ್ತಿರ "ಹ್ವಾಯ್, ಎಂತ ಅದ್? ಹೇಳಿ ಈಗ!" ಎಂದೆ.

"ಲೇಸರ್ ಮುಗೀತ್ ಪದ್ದು. ಸೂಜಿ ಕಾಣ್ತಿಲ್ಲ. ಇವತ್ತ್ ಸೂಜಿ, ನಾಳೆ ಕಡ್ಲ್. ನಾ ತಪ್ಪಿ ಬೈರಾಸ್ ಬೀಸಿರೆ ನಲ್ವತ್ತ್ ಜನ ಖಾಲಿ ಬಲೆ ಎಳೂದಾ?"

ಅಷ್ಟು ದೊಡ್ಡ ಗಂಡಸು ಮುಖ ಮುಚ್ಚಿಕೊಂಡು ಅತ್ತರು. ನನ್ನ ಸಿಟ್ಟು ಎಲ್ಲಿ ಹೋಯಿತೋ! ಮರುದಿನವೇ ಬಸ್ಸು ಹತ್ತಿಸಿ ಕುಂದಾಪುರದ ಕಣ್ಣಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಅವರು ಅಕ್ಷರ ಓದಿಸಿದರು, ಮದ್ದು ಬಿಟ್ಟರು, ಕಣ್ಣಿನೊಳಗೆ ಬೆಳಕು ಬಿಟ್ಟು ತುಂಬ ಹೊತ್ತು ನೋಡಿದರು.

"ದೂರದ್ದ್ ಮೈನಸ್ ಕಾಲ್ ಪಾಯಿಂಟ್ ವಾಪಸ್ ಬಂದಿತ್ತ್, ಅಷ್ಟೇ; ಕಡ್ಲ್ ಕಾಂಬುಕೆ ಎಂತ ತೊಂದ್ರೆ ಇಲ್ಲ. ಒಳಗಿನ ಪರದೆಯೂ ಸಮಾ ಇತ್ತ್. ಆದ್ರೆ ಜಾಸ್ತಿ ಮೈನಸ್ ಇದ್ದ ಕಣ್ಣ್, ಲೇಸರ್ ಆದ್ರೂ ವರ್ಷ ವರ್ಷ ತೋರ್ಸ್ಕ್."

"ಸೂಜಿ?" ಎಂದರು ಇವರು ಕ್ಷೀಣ ಸ್ವರದಲ್ಲಿ.

"ಪ್ರಾಯ ಎಷ್ಟ್?"

"ನಲ್ವತ್ಮೂರ್."

"ಅದ್ ಪ್ರಾಯದ್ದ್ ಮಾರಾಯ್ರೆ! ನಲ್ವತ್ತ್ ದಾಟಿರೆ ಎಲ್ಲರಿಗೂ ಬತ್ತ್. ಹತ್ರದ್ದಕ್ಕೆ ಒಂದ್ ಕನ್ನಡ್ಕ ಹಾಕ್ಕಣಿ."

ಹುಟ್ಟಿದಾಗಿನಿಂದ ಹತ್ತಿರದ ದೃಷ್ಟಿ ಇವರಿಗೆ ಕೈಕೊಟ್ಟದ್ದೇ ಇಲ್ಲ ನೋಡಿ, ಪ್ರಾಯದ ಮೇಲೆ ಸಂಶಯವೇ ಬಂದಿರಲಿಲ್ಲ. ಪಾಪದ ಲೇಸರಿನ ಮೇಲೆ ಗೂಬೆ ಕೂರಿಸಿದ್ದರು. ನಾನು ಅಲ್ಲೇ ಬಿದ್ದು ಬಿದ್ದು ನಕ್ಕೆ.

ಮೂರನೆಯ ದಿನ ಬೆಳಿಗ್ಗೆ ಇವರು ದಿಬ್ಬ ಹತ್ತಿದರು. ನಾನು ಮೀನಿನ ಬುಟ್ಟಿ ಹಿಡಿದು ಕೆಳಗೆ ನಿಂತೆ. ಬೈರಾಸು ಎತ್ತಿದರು, ಇಳಿಸಿದರು. ಮತ್ತೆ ಎತ್ತಿದರು, ಮತ್ತೆ ಇಳಿಸಿದರು.

"ಹ್ವಾಯ್! ಕಂಡ್ರೆ ಬೀಸಿ!" ಎಂದು ಕೂಗಿದೆ.

ಬೀಸಿದರು. ದೋಣಿ ಓಡಿತು, ಬಲೆ ಸುತ್ತಿತು, ನಲವತ್ತು ಜನ ಎಳೆದೇ ಎಳೆದರು. ಬಲೆ ದಡಕ್ಕೆ ಬರುವಾಗ ನೀರೆಲ್ಲ ಬಂಗುಡೆ ಕುದಿಯುತ್ತಿತ್ತು!

ಇವರು ದಿಬ್ಬದಿಂದ ಓಡಿಬಂದದ್ದು ಮೀನಿನ ಹತ್ತಿರವಲ್ಲ, ನನ್ನ ಹತ್ತಿರ. ಜೇಬಿನಿಂದ ಹೊಸ ಕನ್ನಡಕ ತೆಗೆದು ಹಾಕಿಕೊಂಡು ನನ್ನ ಮುಖವನ್ನೇ ನೋಡಿದರು.

"ಪದ್ದು, ನಿಂಗೆ ಯಾವಾಗ ಇಷ್ಟ್ ಬಿಳಿ ಕೂದ್ಲ್ ಬಂದದ್ದ್?"

ಇಡೀ ತಂಡ ಹೋ ಎಂದು ನಕ್ಕಿತು. ಬೈಯಲು ಬಾಯಿ ತೆರೆದೆ, ಆಗಲಿಲ್ಲ. ಅವರ ಕಣ್ಣು ತುಂಬಿತ್ತು, ನನ್ನದೂ.